1997ರ ಬೋರ್ಡೋ ವೈನ್ ತೆಗೆದ್ವಿ, ಕೆಟ್ಟೋಗಿದ್ಯಾ?

ಪ್ರಶ್ನೆ: ನಾವಿರೋದು ಫ್ರಾನ್ಸ್‌ನಲ್ಲಿ, ಪಕ್ಕದ್ಮನೆ ಅಜ್ಜಿ ಮನೆ ಖಾಲಿ ಮಾಡೋವಾಗ ಪ್ರೀತಿಯಿಂದ 1997ರ ಬೋರ್ಡೋ (ಇಲ್ಲಿನ ಹೆಸರಾಂತ ವೈನ್ ಪ್ರದೇಶ) ರೆಡ್ ವೈನ್ ಕೊಟ್ಟಿದ್ರು, ನಿನ್ನೆ ತೆಗೆದ್ರೆ ಕಾರ್ಕ್ ಪುಡಿಪುಡಿ, ಗ್ಲಾಸಲ್ಲಿ ವೈನ್ ಅಂಚು ಇಟ್ಟಿಗೆ ಬಣ್ಣ, ಮೊದಲು ಒದ್ದೆ ಎಲೆ, ಅಣಬೆ, ಹಳೇ ಚರ್ಮದ ವಾಸನೆ ಎಷ್ಟ್ ಚೆನ್ನಾಗಿತ್ತು ಅಂದ್ರೆ ಇಬ್ರೂ ಸುಮ್ನೆ ಮೂಸ್ತಾ ಕೂತ್ವಿ, ಆದ್ರೆ ಇಪ್ಪತ್ತೇ ನಿಮಿಷಕ್ಕೆ ಬರೀ ಹುಳಿ. ಕುಡಿದ್ರೆ ತೊಂದ್ರೆ ಇದ್ಯಾ?

ಉತ್ತರ 1: ತೊಂದ್ರೆ ಏನಿಲ್ಲ, ವಯಸ್ಸಾಗಿದೆ ಅಷ್ಟೇ. ಬೋರ್ಡೋದಲ್ಲಿ 97 ಹಗುರವಾದ ವರ್ಷ, ಬೇಗ ಕುಡಿಯೋ ವೈನೇ ಜಾಸ್ತಿ, 1982ರ ವೈನ್ ಥರ ದಶಕಗಟ್ಟಲೆ ನಿಲ್ಲಲ್ಲ. ಟ್ಯಾನಿನ್ನೂ (ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಒಗರು) ಬಣ್ಣಾನೂ ಒಂದಕ್ಕೊಂದು ಅಂಟ್ಕೊಂಡು ತಳದಲ್ಲಿ ಗಸಿ ಆಗುತ್ತೆ, ಹಣ್ಣಿನ ರುಚಿ ಕರಗುತ್ತೆ, ಆದ್ರೆ ಆಸಿಡ್ ಹಾಗೇ ಇರುತ್ತಲ್ಲ, ಅದಕ್ಕೇ ಹುಳಿ ಎದ್ದು ಕಾಣೋದು.

ಉತ್ತರ 2: ಇಂಥದ್ದನ್ನ ಹಿಂದಿನ ದಿನಾನೇ ನೆಟ್ಟಗೆ ನಿಲ್ಲಿಸಿಡಿ, ಗಸಿ ಇಳಿಯುತ್ತೆ. ಕಾರ್ಕ್‌ಗೆ ಎರಡು ತೆಳು ಅಲಗಿನ ಓಪನರ್ ತಗೊಳ್ಳಿ, ಸ್ಕ್ರೂ ಹಾಕಿದ್ರೆ ಒಡೆದೋಗುತ್ತೆ. ಗಂಟೆಗಟ್ಟಲೆ ಡಿಕ್ಯಾಂಟರ್‌ನಲ್ಲಿ (ವೈನ್ ಬಗ್ಗಿಸಿಡೋ ಗಾಜಿನ ಹೂಜಿ) ಬಿಡ್ಲೇಬೇಡಿ, ಗಾಳಿ ತಾಗಿದ್ರೆ ಇರೋ ಪರಿಮಳಾನೂ ಹಾರೋಗುತ್ತೆ, ತೆಗೆದ ತಕ್ಷಣ ಕುಡೀಬೇಕು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್! ಅಜ್ಜಿ ಇನ್ನೊಂದು ಬಾಟಲಿನೂ ಕೊಟ್ಟಿದಾರೆ, ಈಗ್ಲೇ ನಿಲ್ಲಿಸಿಟ್ಟೆ, ಭಾನುವಾರ ಅವ್ರನ್ನೇ ಊಟಕ್ಕೆ ಕರೆದು ತೆಗೀತೀವಿ.