ರಾಗಿ ಹಿಟ್ಟಿನ ಪಿಜ್ಜಾ ಬಿರಿಯುತ್ತದೆ, ಮಕ್ಕಳು ಬಿಡುತ್ತಿಲ್ಲ: ದಾರಿ ತಿಳಿಸಿ

ಕೆರೆಯಂಗಳ (ಕೋಲಾರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ಹತ್ತು ವರ್ಷದ ಮಗಳೂ ಆರು ವರ್ಷದ ಮಗನೂ ಇದ್ದಾರೆ. ಶನಿವಾರ ಸಂಜೆಯಾದರೆ ಇಬ್ಬರಿಗೂ ಪಿಜ್ಜಾ ಬೇಕು. ಅಂಗಡಿಯಿಂದ ತರಿಸುವುದನ್ನು ತಿಂಗಳಿಗೊಮ್ಮೆಗೆ ಇಳಿಸಿ, ಉಳಿದ ವಾರಗಳಲ್ಲಿ ಮೈದಾ ಇಲ್ಲದೆ ಮನೆಯಲ್ಲೇ ಮಾಡೋಣವೆಂದು ಹೊರಟವಳು ನಾನು. ರಾಗಿ ಹಿಟ್ಟಿಗೆ ಮನೆಯಲ್ಲಿ ಕೊರತೆಯಿಲ್ಲವಾದ್ದರಿಂದ ಮೊದಲ ಸಲ ಪೂರ್ತಿ ರಾಗಿಯಲ್ಲೇ ಕಲಸಿದೆ. ಯೀಸ್ಟ್ ಹಾಕಿ ಎರಡು ಗಂಟೆ ಮುಚ್ಚಿಟ್ಟರೂ ಉಬ್ಬಲಿಲ್ಲ, ತಟ್ಟುವಾಗ ಅಂಚೆಲ್ಲ ಬಿರಿಯಿತು, ಕಾವಲಿಯ ಮೇಲೆ ಬೆಂದು ದಪ್ಪ ರಾಗಿ ರೊಟ್ಟಿಯಾಯಿತು. ಮೇಲೆ ಹಚ್ಚಿದ ಟೊಮೆಟೊ ರಸ ಇಳಿದು ನಡುಭಾಗ ಅಂಬಲಿಯಂತಾಯಿತು. ಮಗ ಚೀಸನ್ನು ಮಾತ್ರ ಎಳೆದು ತಿಂದು, ಉಳಿದದ್ದನ್ನು ನನ್ನ ಕಡೆ ತಳ್ಳಿ, "ಅಮ್ಮಾ, ಇದಕ್ಕೆ ಸಾರು ಹಾಕು" ಎಂದ.

ನಮ್ಮಲ್ಲಿ ಓವನ್ ಇಲ್ಲ; ಕಬ್ಬಿಣದ ಕಾವಲಿ, ಮುಚ್ಚಳ, ಗ್ಯಾಸ್ ಇಷ್ಟೇ. ಹಿಟ್ಟನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು, ಸಾಸ್ ನೀರಾಗದಂತೆ ಏನು ಮಾಡಬೇಕು, ಮಕ್ಕಳಿಗೆ ಯಾವ ಕೆಲಸ ಕೊಡಬಹುದು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಹಿಟ್ಟಿನ ಕೈ (ತುಮಕೂರು) ಬರೆದದ್ದು:

ತಪ್ಪು ನಿಮ್ಮ ಕೈಯದ್ದಲ್ಲ, ರಾಗಿಯ ಗುಣವೇ ಅದು. ಗೋಧಿಯನ್ನು ನೀರು ಹಾಕಿ ನಾದಿದಾಗ ಗ್ಲುಟೆನ್ ಎಂಬ ಅಂಟು ಬಲೆಯಂತೆ ಹರಡಿಕೊಳ್ಳುತ್ತದೆ. ಯೀಸ್ಟ್ ಬಿಡುವ ಅನಿಲ ಆ ಬಲೆಯೊಳಗೆ ಸಿಕ್ಕಿಕೊಳ್ಳುವುದರಿಂದ ಹಿಟ್ಟು ಉಬ್ಬುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಇಡ್ಲಿ ಹಿಟ್ಟಿಗೆ ಉದ್ದು ಹಾಕದೆ ಬರೀ ಅಕ್ಕಿ ರುಬ್ಬಿಟ್ಟರೆ ಏನಾಗುತ್ತದೋ ನಿಮ್ಮ ಪಿಜ್ಜಾಕ್ಕೂ ಅದೇ ಆಗಿದೆ.

ನಾನು ಮನೆಯಲ್ಲೇ ಬ್ರೆಡ್ಡು, ಬನ್ನು ಮಾಡಿ ಕೊಡುವವಳು. ಹಲವು ಸಲ ಕೆಡಿಸಿದ ಮೇಲೆ ನನಗೆ ನಿಂತ ಅಳತೆ ಹೀಗಿದೆ: ಗೋಧಿ ಹಿಟ್ಟು 225 ಗ್ರಾಂ, ರಾಗಿ ಹಿಟ್ಟು 75 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಒಂದು ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಎಣ್ಣೆ ಒಂದು ದೊಡ್ಡ ಚಮಚ, ನೀರು ಸುಮಾರು 210 ಮಿಲಿ. ಇದರಲ್ಲಿ ಅಂಗೈಗಿಂತ ತುಸು ದೊಡ್ಡದಾದ ನಾಲ್ಕು ಪಿಜ್ಜಾ ಆಗುತ್ತವೆ. ರಾಗಿ ಕಾಲು ಭಾಗ ಮೀರಿದರೆ ಮತ್ತೆ ಬಿರಿಯುತ್ತದೆ. ತವುಡಿರುವ ಗೋಧಿ ಹಿಟ್ಟು ನೀರನ್ನು ನಿಧಾನವಾಗಿ ಹೀರುವುದರಿಂದ ಹಿಟ್ಟನ್ನೂ ನೀರನ್ನೂ ಮೊದಲು ಬೆರೆಸಿ ಅರ್ಧ ಗಂಟೆ ಸುಮ್ಮನೆ ಬಿಡಿ, ಆಮೇಲೆ ಯೀಸ್ಟ್, ಉಪ್ಪು, ಎಣ್ಣೆ ಸೇರಿಸಿ ನಾದಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಬೆರಳಿಗೆ ಸ್ವಲ್ಪ ಅಂಟುವಂತೆಯೇ ಇರಬೇಕು. ಅಂಟುತ್ತದೆಂದು ಒಣ ಹಿಟ್ಟು ಸುರಿದರೆ ಬೆಂದ ಮೇಲೆ ಚಪ್ಪಲಿಯಾಗುತ್ತದೆ. ನೀರು ಉಗುರು ಬೆಚ್ಚಗಿದ್ದರೆ ಸಾಕು, ಕೈ ಸುಡುವ ನೀರಿನಲ್ಲಿ ಯೀಸ್ಟ್ ಸಾಯುತ್ತದೆ. ಚಳಿಗಾಲದಲ್ಲಿ ಉಬ್ಬಲು ಎರಡು ಗಂಟೆಗೂ ಮೀರಿ ಹಿಡಿಯಬಹುದು, ಅವಸರ ಮಾಡಬೇಡಿ.

ಓವನ್ ಇಲ್ಲವೆಂಬ ಚಿಂತೆ ಬೇಡ. ನೇಪಲ್ಸ್ ನಗರದ ಕಟ್ಟಿಗೆ ಒಲೆಗಳಲ್ಲಿ 430 ಡಿಗ್ರಿಗೂ ಮೀರಿದ ಶಾಖದಲ್ಲಿ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಮನೆಯ ಸಾಮಾನ್ಯ ಓವನ್ನುಗಳು 250 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಓವನ್ ಇದ್ದವರೂ ಅದನ್ನು ಹಾಗೆಯೇ ಮಾಡಲಾರರು. ಕಾವಲಿಯಲ್ಲಿ ಒಂದು ಮಗ್ಗುಲನ್ನು ಎರಡು ನಿಮಿಷ ಬೇಯಿಸಿ ಮಗುಚಿ, ಬೆಂದ ಮಗ್ಗುಲಿನ ಮೇಲೆ ಸಾಸ್ ಹಚ್ಚಿ, ತರಕಾರಿ, ಚೀಸ್ ಹಾಕಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ ಬಿಡಿ. ತಳ ಸೀಯುತ್ತಿದ್ದರೆ ಕಾವಲಿಯ ಕೆಳಗೆ ಇನ್ನೊಂದು ಹಳೆಯ ಕಾವಲಿ ಇಡಿ.

ಮೂರೆಕರೆ (ಶ್ರೀನಿವಾಸಪುರ) ಬರೆದದ್ದು:

ಅಕ್ಕ, ಕೋಲಾರದಲ್ಲಿದ್ದುಕೊಂಡು ಟೊಮೆಟೊ ಸಾಸಿಗೆ ಪರದಾಡುವುದೆಂದರೆ ಏನು! ನಾನು ಟೊಮೆಟೊ ಬೆಳೆಯುವವನು, ಅಡುಗೆಯಲ್ಲಿ ಇದೊಂದನ್ನು ಮಾತ್ರ ಬಲ್ಲೆ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸು ನಮ್ಮ ಎಪಿಎಂಸಿಯಲ್ಲಿ 2,000 ರೂಪಾಯಿ ದಾಟಿದ್ದನ್ನೂ ಕಂಡಿದ್ದೇನೆ, ಕೇಳುವವರಿಲ್ಲದೆ ರಸ್ತೆಗೆ ಸುರಿಯುವ ದಿನಗಳನ್ನೂ ಕಂಡಿದ್ದೇನೆ. ಬೆಲೆ ಬಿದ್ದಾಗ ಸಾಸ್ ಮಾಡಿ ಫ್ರೀಜರಿನಲ್ಲಿಡುವುದು ನಮ್ಮ ಮನೆಯ ರೂಢಿ.

ಟೊಮೆಟೊದಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಆ ನೀರನ್ನು ಒಲೆಯ ಮೇಲೆ ಹೋಗಗೊಡಿಸದಿದ್ದರೆ ಪಿಜ್ಜಾದೊಳಗೆ ಇಳಿಯದೆ ಎಲ್ಲಿಗೆ ಹೋದೀತು? ನಾಟಿ ಹಣ್ಣು ಸಾರಿಗೆ ಚೆಂದ, ಸಾಸಿಗೆ ಬೇಡ: ರಸವೂ ಹುಳಿಯೂ ಜಾಸ್ತಿ. ಮೊಟ್ಟೆಯಾಕಾರದ, ದಪ್ಪ ತಿರುಳಿನ ಹೈಬ್ರಿಡ್ ಹಣ್ಣನ್ನು, ಪೂರ್ತಿ ಕೆಂಪಾದದ್ದನ್ನು ಮುಕ್ಕಾಲು ಕೆ.ಜಿ. ತೆಗೆದುಕೊಳ್ಳಿ. ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ ಸಿಪ್ಪೆ ಸುಲಿದು, ಅಡ್ಡ ಕೊಯ್ದು ಬೀಜ ಹಿಂಡಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ ಹಾಕಿ ಅಗಲ ಬಾಣಲೆಯಲ್ಲಿ ಬತ್ತಿಸಿ. ಸೌಟಿನಿಂದ ಗೆರೆ ಎಳೆದರೆ ಆ ಗೆರೆ ಮುಚ್ಚಿಕೊಳ್ಳದೆ ನಿಂತಿತೋ, ಆಗ ಇಳಿಸಿ. ಸಕ್ಕರೆ ಬೇಡ, ಹಣ್ಣು ಹಣ್ಣಾಗಿದ್ದರೆ ಅದೇ ಸಿಹಿ ಕೊಡುತ್ತದೆ. ಟೊಮೆಟೊದ ಕೆಂಪು ಬಣ್ಣದ ಲೈಕೋಪೀನನ್ನು ಎಣ್ಣೆಯೊಂದಿಗೆ ಬೇಯಿಸಿದಾಗ ದೇಹ ಹೆಚ್ಚು ಹೀರಿಕೊಳ್ಳುತ್ತದೆ, ಆದ್ದರಿಂದ ಆ ಒಂದು ಚಮಚ ಎಣ್ಣೆಗೆ ಕೈ ಹಿಡಿಯಬೇಡಿ.

ನಂದಿ ಕಣಿವೆ (ಚಿಕ್ಕಬಳ್ಳಾಪುರ) ಬರೆದದ್ದು:

ಮೇಲಿನ ಇಬ್ಬರ ಮಾತೂ ಸರಿ, ಆದರೆ ಪಿಜ್ಜಾಕ್ಕೆ ರಾಗಿ ಬೆರೆಸುವ ಹಟವೇಕೆ ಎಂಬುದು ನನಗೆ ಅರ್ಥವಾಗುವುದಿಲ್ಲ. ಲೆಕ್ಕ ಹಾಕೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 75 ಗ್ರಾಂ ರಾಗಿಯನ್ನು ನಾಲ್ಕು ಪಿಜ್ಜಾಕ್ಕೆ ಹಂಚಿದರೆ ಒಂದೊಂದಕ್ಕೆ ಬರುವುದು 70 ಮಿಲಿಗ್ರಾಮಿಗೂ ಕಡಿಮೆ. ಮಧ್ಯಾಹ್ನ 60 ಗ್ರಾಂ ಹಿಟ್ಟಿನ ಒಂದು ಪುಟ್ಟ ಮುದ್ದೆ ಬಸ್ಸಾರಿನೊಂದಿಗೆ ಒಳಗೆ ಹೋದರೆ ಅದರ ಮೂರರಷ್ಟು ಸಿಗುತ್ತದೆ. ಮಕ್ಕಳು ಮುದ್ದೆ ತಿನ್ನುವ ಮನೆಯಾದರೆ ಪಿಜ್ಜಾದೊಳಗೆ ರಾಗಿಯನ್ನು ಕದ್ದುಮುಚ್ಚಿ ಸೇರಿಸಬೇಕಾಗಿಲ್ಲ. ಗೋಧಿ ಹಿಟ್ಟು ಸಾಕು, ಜೊತೆಗೆ ಒಂದು ಹಿಡಿ ಮೈದಾ ಬಿದ್ದರೂ ಆಕಾಶ ಬೀಳುವುದಿಲ್ಲ.

ನನ್ನ ಗಮನವೆಲ್ಲ ಚೀಸ್ ಮತ್ತು ಉಪ್ಪಿನ ಮೇಲೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಮಕ್ಕಳಿಗೆ ಇನ್ನೂ ಕಡಿಮೆ ಇರಬೇಕು. ಸಂಸ್ಕರಿಸಿದ ಚೀಸಿನಲ್ಲಿ ಸಾಮಾನ್ಯವಾಗಿ ಮೊಜ್ಜರೆಲ್ಲಾಕ್ಕಿಂತ ಉಪ್ಪು ಹೆಚ್ಚು. ಒಂದು ಪಿಜ್ಜಾಕ್ಕೆ ಮೊಜ್ಜರೆಲ್ಲಾ 25 ಗ್ರಾಂ ತುರಿದು, ಮನೆಯಲ್ಲಿ ಹಾಲು ಒಡೆಸಿ ಮಾಡಿದ ಪನೀರನ್ನು ಪುಡಿ ಮಾಡಿ ಉದುರಿಸಿ; ಎಳೆಯೂ ಬರುತ್ತದೆ, ಉಪ್ಪೂ ಮಿತಿಯಲ್ಲಿರುತ್ತದೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳು ತಾವು ಮುಟ್ಟಿದ್ದನ್ನು ತಿನ್ನುತ್ತಾರೆ, ನಾವು ಬಡಿಸಿದ್ದನ್ನು ಅನುಮಾನದಿಂದ ನೋಡುತ್ತಾರೆ. ಈಗ ಅವರೆ ಕಾಲ. ರಾತ್ರಿ ನೆನೆಸಿದ ಅವರೆಯನ್ನು ಹಿತುಕುವುದು ಆರು ವರ್ಷದವನಿಗೆ ಹೇಳಿ ಮಾಡಿಸಿದ ಕೆಲಸ. ಆ ಹಿತುಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ ಪಿಜ್ಜಾದ ಮೇಲೆ ಹರಡಿದರೆ ಅಂಗಡಿಯಲ್ಲಿ ಸಿಗದ ರುಚಿ. ಮಗಳಿಗೆ ತಕ್ಕಡಿ ಕೊಟ್ಟು ಹಿಟ್ಟು, ಚೀಸ್ ತೂಗಲು ಹೇಳಿ. ಕಾವಲಿಯೂ ತುರಿಮಣೆಯೂ ನಿಮ್ಮ ಕೈಯಲ್ಲೇ ಇರಲಿ.

ಹಿಟ್ಟಿನ ಕೈ (ತುಮಕೂರು) ಬರೆದದ್ದು:

ಮೇಡಂ, ಕ್ಯಾಲ್ಸಿಯಂ ಲೆಕ್ಕವನ್ನು ಒಪ್ಪಿದೆ. ಆದರೆ ರಾಗಿಯನ್ನು ನಾನು ಹಾಕುವುದು ಕ್ಯಾಲ್ಸಿಯಂ ಆಸೆಗಲ್ಲ, ಬೆಂದಾಗ ಬರುವ ಆ ಹುರಿದ ವಾಸನೆಗೆ. ಬೇಡದವರು ಬಿಡಬಹುದು.

ಕೆರೆಯಂಗಳ (ಕೋಲಾರ) ಬರೆದದ್ದು:

ಎಲ್ಲರಿಗೂ ಧನ್ಯವಾದ. ನಿನ್ನೆ ಮಾಡಿದೆವು. ಕಾಲು ಭಾಗ ರಾಗಿಯ ಹಿಟ್ಟು ನಮ್ಮ ಚಳಿಗೆ ಎರಡೂವರೆ ಗಂಟೆ ಹಿಡಿದರೂ ಚೆನ್ನಾಗಿ ಉಬ್ಬಿತು. ಸಾಸ್ ಬತ್ತಲು ಮುಕ್ಕಾಲು ಗಂಟೆ ಬೇಕಾಯಿತು. ಸೌಟಿನ ಗೆರೆ ನಿಂತಿದೆಯೇ ಎಂದು ಮಗಳು ದೂರದಿಂದ ಐದೈದು ನಿಮಿಷಕ್ಕೆ ಇಣುಕುತ್ತಿದ್ದಳು. ಮಗ ಅತ್ತೆಯವರ ಪಕ್ಕ ಕುಳಿತು ಅವರೆ ಹಿತುಕಿದ. ಅರ್ಧದಷ್ಟು ಬೇಳೆ ಪಾತ್ರೆಗೆ ಬಿತ್ತು, ಉಳಿದದ್ದು ಟಿ.ವಿ. ಸ್ಟ್ಯಾಂಡಿನ ಕೆಳಗೆ ಇವತ್ತು ಗುಡಿಸುವಾಗ ಸಿಕ್ಕಿತು. ತಕ್ಕಡಿ ಹಿಡಿದ ಮಗಳು ತಮ್ಮನ ಪಿಜ್ಜಾಕ್ಕೆ 25 ಗ್ರಾಮಿಗಿಂತ ಒಂದು ಎಳೆಯೂ ಜಾಸ್ತಿ ಬೀಳಲು ಬಿಡಲಿಲ್ಲ. ಆ ಜಗಳವನ್ನು ಬಿಡಿಸುವುದೇ ಅಡುಗೆಗಿಂತ ದೊಡ್ಡ ಕೆಲಸವಾಯಿತು. ನಡುಭಾಗ ಈ ಸಲ ಗಟ್ಟಿಯಾಗಿತ್ತು, ಯಾರೂ ಸಾರು ಕೇಳಲಿಲ್ಲ. ಮೊದಲನೆಯದರ ತಳ ಮಾತ್ರ ಸೀದಿತು. ಎರಡನೆಯ ಕಾವಲಿ ಇಡುವುದು ಆಮೇಲೆ ನೆನಪಾಯಿತು. ಸೀದದ್ದನ್ನು ನಾನು ತಿಂದೆ. ಅತ್ತೆಯವರು ತಮ್ಮ ಪಾಲಿಗೆ ಚೀಸ್ ಬೇಡವೆಂದು, ಹಿತುಕಿದ ಬೇಳೆಯ ಮೇಲೆ ಒಂದು ಚಿಟಿಕೆ ಸಾರಿನ ಪುಡಿ ಉದುರಿಸಿಕೊಂಡು ತಿಂದರು. ಮುಂದಿನ ಶನಿವಾರ ತನಗೂ ಹಾಗೇ ಬೇಕೆಂದು ಮಗ ಈಗಲೇ ಹೇಳಿಟ್ಟಿದ್ದಾನೆ.