ಸಹಾಯ ಬೇಕು: 'ಹಿಂದಕ್ಕೆ' ಹೋಗುವ ಇಂಗ್ಲಿಷ್ ಪದಗಳಿಗೆ ನಮ್ಮ ಕಡೆಯ ಉದಾಹರಣೆ

ನಮಸ್ಕಾರ. ಮಂಡ್ಯದಲ್ಲಿ ಸಂಜೆ ಹೊತ್ತು ಮನೆಯಲ್ಲೇ ಏಳೆಂಟು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. ಎಲ್ಲರೂ ಕನ್ನಡ ಮಾಧ್ಯಮದವರು. ರಿಟರ್ನ್, ರಿವರ್ಟ್, ರಿಸೀಡ್, ರಿಗ್ರೆಸ್, ರಿಲ್ಯಾಪ್ಸ್, ಎಲ್ಲಕ್ಕೂ 'ಹಿಂದಕ್ಕೆ ಹೋಗು' ಅಂತಲೇ ಬರ್ಕೊಂಡು ಬರ್ತಾರೆ.

ರಿಸೀಡ್ ಸುಲಭವಾಯ್ತು. ಕನ್ನಂಬಾಡಿ ಕಟ್ಟೆಯಲ್ಲಿ 124.80 ಅಡಿ ತುಂಬಿದ ನೀರು ಬೇಸಿಗೆಗೆ ದಡ ಬಿಟ್ಟು ಹಿಂದೆ ಸರಿಯುತ್ತಲ್ಲ, ಅದೇ ಅಂದೆ. ತಕ್ಷಣ ಹಿಡಿದರು. ರಿಲ್ಯಾಪ್ಸ್‌ಗೆ ನಮ್ಮ 'ಮರುಕಳಿಸು' ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ: ಬಿಟ್ಟ ಜ್ವರ ಮತ್ತೆ ಹಿಡಿಯಿತು. ಲ್ಯಾಟಿನ್‌ನಲ್ಲಿ ಅದರ ಬೇರು ಜಾರುವುದು, ರಿಗ್ರೆಸ್‌ನದು ಹೆಜ್ಜೆ ಇಡುವುದು, ರಿವರ್ಟ್‌ನದು ತಿರುಗುವುದು.

ತೊಡಕಿರೋದು ರಿವರ್ಟ್‌ನಲ್ಲೇ. ಹಳೆಯ ಸ್ಥಿತಿಗೆ ಮರಳುವುದು ಅಂತ ಹೇಳಿಕೊಟ್ಟೆ. ಒಬ್ಬ ಹುಡುಗಿ, 'ಅಪ್ಪನ ಆಫೀಸಿನ ಮೇಲ್‌ನಲ್ಲಿ ಪ್ಲೀಸ್ ರಿವರ್ಟ್ ಅಂದ್ರೆ ಉತ್ತರ ಕೊಡಿ ಅಂತ ಅಲ್ವಾ?' ಅಂದಳು. ಸರಿಯೇ. ಭಾರತದ ಇಂಗ್ಲಿಷ್‌ನಲ್ಲಿ ಆ ಬಳಕೆ ಬೇರೂರಿದೆ, ಅದಕ್ಕೆ ಕೆಂಪು ಗೀಟು ಹಾಕೋಕೆ ನನಗೆ ಮನಸ್ಸಿಲ್ಲ. 'ರಿಟರ್ನ್ ಬ್ಯಾಕ್' ಮಾತ್ರ ಬಿಡಿಸಿದ್ದೀನಿ, 'ರಿ' ಒಳಗೇ ಬ್ಯಾಕ್ ಇದೆಯಲ್ಲ. ಆದರೆ ರಿವರ್ಟ್‌ನ ಎರಡು ಅರ್ಥಗಳನ್ನೂ ಗೊಂದಲ ಆಗದ ಹಾಗೆ ಹೇಗೆ ಹೇಳಿಕೊಡಲಿ?

ರಿಗ್ರೆಸ್‌ಗೆ ನನಗೆ ಹೊಳೆದದ್ದು ಒಂದೇ: ತಮ್ಮ ಹುಟ್ಟಿದ ಮೇಲೆ, ಚೆನ್ನಾಗಿ ಮಾತಾಡ್ತಿದ್ದ ಮಗು ಮತ್ತೆ ತೊದಲೋದು. ಗದ್ದೆ, ಆಲೆಮನೆ, ಅಡುಗೆಮನೆ, ಎಲ್ಲಿಂದಾದರೂ ಸರಿ, ರಿವರ್ಟ್‌ಗೂ ರಿಗ್ರೆಸ್‌ಗೂ ಒಂದೊಂದು ವಾಕ್ಯ ಕೊಡ್ತೀರಾ? ಸೋಮವಾರ ಸಂಜೆಯ ಪಾಠಕ್ಕೆ ಬೇಕು.