ಪದಚರ್ಚೆ: ಕಿವಿಯಿಂದ ಫೋನು ಬಳಸುವವರ ಕನ್ನಡ – ಉಂಟು/ಇಲ್ಲ, ಚಾಲೂ/ಬಂದ್, ತಟ್ಟು/ಒತ್ತು

ಕಣ್ಣು ಕಾಣದವರಿಗೆ ಸ್ಮಾರ್ಟ್‌ಫೋನಿನ ಬಳಕೆಯನ್ನು ಕನ್ನಡದಲ್ಲಿ ಹೇಳಿಕೊಡುವ ಧ್ವನಿಪಾಠಗಳನ್ನು ಶಿರಸಿಯಲ್ಲಿ ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಪಾಠ ಕೇಳುವವರು ಹೆಚ್ಚಾಗಿ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ತಾಲ್ಲೂಕುಗಳ ಹಳ್ಳಿಗಳವರು. ಅವರಲ್ಲಿ ಇಂಗ್ಲಿಷ್ ಬಲ್ಲವರು ಕಡಿಮೆ. ಆದರೆ ರಾಶಿ, ಚಾಲಿ ಎಂಬ ಅಡಿಕೆ ಬಗೆಗಳ ದಿನದ ಧಾರಣೆಯಿಂದ ಹಿಡಿದು ಬ್ಯಾಂಕಿನ ಒಟಿಪಿಯವರೆಗೆ ಎಲ್ಲವನ್ನೂ ಇನ್ನೊಬ್ಬರನ್ನು ಕೇಳದೆ ತಾವೇ ತಿಳಿದುಕೊಳ್ಳಬೇಕೆಂಬ ಹಂಬಲ ಎಲ್ಲರಿಗೂ ಇದೆ. ಈ ಕೆಲಸದಲ್ಲಿ ಎದುರಾದ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಪದಗಳಿಗೆ ಬರುವ ಮೊದಲು ಬಳಕೆಯ ರೀತಿಯನ್ನು ಸ್ವಲ್ಪ ಹೇಳಬೇಕು. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್ ಇವೆರಡೂ ಫೋನುಗಳಿಗೆ ಬಂದದ್ದು 2009ರಲ್ಲಿ. ಬೆರಳು ಎಲ್ಲಿ ತಾಗಿತೋ ಅಲ್ಲಿರುವುದನ್ನು ಇವು ಓದಿ ಹೇಳುತ್ತವೆ. ಒಮ್ಮೆ ಮುಟ್ಟಿದರೆ ಹೆಸರು ಮಾತ್ರ ಕೇಳಿಸುತ್ತದೆ, ಕೆಲಸ ನಡೆಯುವುದಿಲ್ಲ. ನಡೆಯಬೇಕಾದರೆ ಬೇಗಬೇಗನೆ ಎರಡು ಸಲ ತಟ್ಟಬೇಕು. ಒಂದು ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ರೂಢಿಯಾದವರು ಈ ಧ್ವನಿಯನ್ನು ಉಳಿದವರಿಗೆ ಒಂದಕ್ಷರವೂ ಹಿಡಿಯದಷ್ಟು ವೇಗದಲ್ಲಿ ಕೇಳುತ್ತಾರೆ. ಅದರಲ್ಲೂ ಪ್ರತಿ ಪದವನ್ನು ಪೂರ್ತಿ ಕೇಳುವುದಿಲ್ಲ, ಮೊದಲ ಒಂದೆರಡು ಅಕ್ಷರ ಕಿವಿಗೆ ಬಿದ್ದ ಕೂಡಲೇ ತಮಗೆ ಬೇಕಾದದ್ದು ಇದಲ್ಲವೆಂದು ತಿಳಿದು ಮುಂದೆ ಸರಿಯುತ್ತಾರೆ. ಆದ್ದರಿಂದ ಕಾಗದದ ಮೇಲೆ ಒಳ್ಳೆಯದಾಗಿ ಕಾಣುವ ಪದ ಇಲ್ಲಿ ಸಾಲದು. ಅದು ತನ್ನ ಅರ್ಥವನ್ನು ಮೊದಲಲ್ಲೇ ಹೇಳಬೇಕು ಮತ್ತು ತನ್ನ ಎದುರು ಪದಕ್ಕಿಂತ ಮೊದಲ ಅಕ್ಷರದಲ್ಲೇ ಬೇರೆಯಾಗಿ ಕೇಳಿಸಬೇಕು.

ಈ ಒರೆಗೆ ಹಚ್ಚಿದಾಗ ಅತಿ ಹೆಚ್ಚು ತೊಂದರೆ ಕೊಡುವುದು ಸ್ಥಿತಿಯನ್ನು ಹೇಳುವ ಪದಗಳು. ಟಾಕ್‌ಬ್ಯಾಕ್ ಸಾಮಾನ್ಯವಾಗಿ ಮೊದಲು ಸ್ಥಿತಿ, ಆಮೇಲೆ ಹೆಸರು, ಕೊನೆಗೆ ಅದು ಬಟನ್ನೋ ಸ್ವಿಚ್ಚೋ ಎಂಬ ಬಗೆ, ಈ ಕ್ರಮದಲ್ಲಿ ಓದುತ್ತದೆ. ಬೇಕಾದವರು ಕ್ರಮವನ್ನು ಬದಲಿಸಿಕೊಳ್ಳಬಹುದು, ಆದರೆ ಹೆಚ್ಚಿನವರು ಬದಲಿಸುವುದಿಲ್ಲ. ಈಗ ಚೌಕದಲ್ಲಿ ಗುರುತು ಹಾಕಿದೆಯೋ ಇಲ್ಲವೋ ಎಂದು ತಿಳಿಸುವ 'ಗುರುತಿಸಲಾಗಿದೆ', 'ಗುರುತಿಸಲಾಗಿಲ್ಲ' ಎಂಬ ಜೋಡಿಯನ್ನು ನೋಡಿ. ಏಳು ಅಕ್ಷರಗಳಲ್ಲಿ ಮೊದಲ ಆರು ಒಂದೇ. ವ್ಯತ್ಯಾಸವೆಲ್ಲ ಕೊನೆಯ ಅಕ್ಷರದಲ್ಲಿದೆ. ಕನ್ನಡದ ನಿಷೇಧ ಕ್ರಿಯಾಪದದ ತುದಿಗೆ ಬರುವುದು ನಮ್ಮ ವ್ಯಾಕರಣದ ಸಹಜ ಗುಣ, ಅದರಲ್ಲಿ ದೋಷವೇನೂ ಇಲ್ಲ. ಆದರೆ ಕರ್ಮಣಿ ಪ್ರಯೋಗದ ಉದ್ದನೆಯ ರೂಪವನ್ನು ಆರಿಸಿ, ಆ ತುದಿಯನ್ನು ಇನ್ನಷ್ಟು ದೂರ ತಳ್ಳಿದವರು ಅನುವಾದ ಮಾಡಿದ ನಾವೇ. ದೇವಿಮನೆ ಘಟ್ಟ ಇಳಿಯುವ ಬಸ್ಸಿನ ಸದ್ದಿನಲ್ಲಿ 'ದೆ' ಮತ್ತು 'ಲ್ಲ' ಬೇರೆಯಾಗಿ ಕೇಳುವುದು ಕಷ್ಟ. ಬ್ಯಾಂಕಿನ ಅರ್ಜಿಯೊಂದರಲ್ಲಿ 'ನಿಯಮಗಳಿಗೆ ನನ್ನ ಒಪ್ಪಿಗೆ ಇದೆ' ಎಂಬ ಚೌಕದ ಮುಂದೆ ಈ ಒಂದಕ್ಷರ ತಪ್ಪಿದರೆ ಆಗುವ ಪರಿಣಾಮ ಸಣ್ಣದಲ್ಲ.

ಹಾಗಾದರೆ ಆನ್, ಆಫ್ ಎಂದು ಎಲ್ಲರಿಗೂ ಗೊತ್ತಿರುವ ಪದಗಳನ್ನೇ ಇಟ್ಟುಕೊಳ್ಳಬಹುದಲ್ಲ ಎಂದು ಕೇಳಬಹುದು. ಚಿಕ್ಕವು ಎಂಬುದು ನಿಜ. ಆದರೆ ಎರಡೂ 'ಆ' ಎಂದೇ ಆರಂಭವಾಗುತ್ತವೆ, ಮತ್ತು ಕನ್ನಡದ ಯಂತ್ರಧ್ವನಿ ವೇಗವಾಗಿ ಓದುವಾಗ ಕೊನೆಯ ಅರ್ಧಾಕ್ಷರವನ್ನು ನುಂಗಿಬಿಟ್ಟಂತೆ ಕೇಳುತ್ತದೆ. 'ಸಕ್ರಿಯ', 'ನಿಷ್ಕ್ರಿಯ' ಎಂಬ ಜೋಡಿ ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುತ್ತದೆ. ಸಂಸ್ಕೃತದ ಭಾರ ಎಂದು ನಾವು ದೂರುವ ಪದ ಕಿವಿಗೆ ಸ್ಪಷ್ಟವಾಗಿರುವುದನ್ನು ಒಪ್ಪಿಕೊಳ್ಳಬೇಕು. ಅದರ ಕೊರತೆ ಬೇರೆ: ಹಳ್ಳಿಯ ಹಿರಿಯರಿಗೆ ಅದು ಮನೆಯ ಮಾತಲ್ಲ, ಪ್ರತಿ ಸಲವೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ದೀಪದ ಮಾತನ್ನು ತರೋಣವೆಂದರೆ 'ಹಚ್ಚಿದೆ' ಸರಿಯಾಗುತ್ತದೆ, 'ಆರಿಸಿದೆ' ಆಗುವುದಿಲ್ಲ, ಏಕೆಂದರೆ ಆರಿಸು ಎಂದರೆ ನಂದಿಸು ಎಂದೂ ಆಯ್ದುಕೋ ಎಂದೂ ಅರ್ಥವಿದೆ. ಫೋನಿನಲ್ಲಿ ಆಯ್ಕೆ ಮಾಡುವ ಕೆಲಸ ಹೆಜ್ಜೆಹೆಜ್ಜೆಗೂ ಇರುವಾಗ ಇದಕ್ಕಿಂತ ಅಪಾಯದ ಪದ ಇನ್ನೊಂದಿಲ್ಲ.

ನಮ್ಮ ಜಿಲ್ಲೆಯ ಬಾಯಲ್ಲೇ ಎರಡು ಜೋಡಿಗಳಿವೆ. ಹೊನ್ನಾವರ, ಭಟ್ಕಳದ ಕಡೆ 'ಇದೆ' ಎನ್ನುವಲ್ಲಿ 'ಉಂಟು' ಎನ್ನುತ್ತಾರೆ. 'ಇದೆ' ಮತ್ತು 'ಇಲ್ಲ' ಎರಡೂ ಇಕಾರದಿಂದಲೇ ಹೊರಡುತ್ತವೆ. 'ಉಂಟು' ಮತ್ತು 'ಇಲ್ಲ' ಮೊದಲ ಸ್ವರದಲ್ಲೇ ಬೇರೆಯಾಗುತ್ತವೆ. ಗುರುತಿನ ಚೌಕಕ್ಕೆ 'ಉಂಟು ಗುರುತು', 'ಇಲ್ಲ ಗುರುತು' ಎಂದರೆ ಮಾತಿನ ಕ್ರಮ ಸ್ವಲ್ಪ ತಿರುಗುಮುರುಗಾದರೂ ಅರ್ಥ ತಪ್ಪುವುದಿಲ್ಲ. ಆದರೆ ಸ್ವಿಚ್ಚಿಗೆ 'ಉಂಟು' ಹೊಂದುವುದಿಲ್ಲ: 'ವೈ-ಫೈ ಉಂಟು' ಎಂದರೆ ಸಿಗುತ್ತದೆ ಎಂದಾಗುತ್ತದೆಯೇ ಹೊರತು ಹಾಕಿದೆ ಎಂದಾಗುವುದಿಲ್ಲ. ಅಲ್ಲಿಗೆ ಕಾರವಾರ, ಹಳಿಯಾಳದ ಕಡೆ ಮನೆಮಾತಾಗಿರುವ 'ಚಾಲೂ', 'ಬಂದ್' ನನಗೆ ಹೆಚ್ಚು ಸರಿಯೆನಿಸುತ್ತವೆ. ಫ್ಯಾನು ಚಾಲೂ ಮಾಡು, ರೇಡಿಯೊ ಬಂದ್ ಮಾಡು ಎಂದು ಹೇಳದ ಮನೆ ಆ ಸೀಮೆಯಲ್ಲಿ ಅಪರೂಪ. ಕೊಂಕಣಿ ಮನೆಮಾತಿನವರಿಗೂ ಇವು ಹೊಸವಲ್ಲ. ಇವು ಹೊರಗಿನಿಂದ ಬಂದ ಪದಗಳು ಎಂಬ ಆಕ್ಷೇಪ ಬರಬಹುದು. ಆನ್ ಮತ್ತು ಆಫ್ ಕೂಡ ಹೊರಗಿನವೇ ಆಗಿರುವಾಗ, ಕಿವಿಗೆ ನಿಚ್ಚಳವಾದುದನ್ನು ಆರಿಸಿಕೊಳ್ಳುವುದು ನ್ಯಾಯ.

ಬೆರಳಿನ ಕ್ರಿಯೆಗಳಲ್ಲಿ ಕನ್ನಡ ಬಡವಾಗಿಲ್ಲ, ಆದರೆ ಬಳಕೆ ಕಲಸಿಹೋಗಿದೆ. ಟ್ಯಾಪ್, ಪ್ರೆಸ್, ಲಾಂಗ್ ಪ್ರೆಸ್ ಮೂರಕ್ಕೂ 'ಒತ್ತಿ' ಎಂದೇ ಬರೆಯುವವರಿದ್ದಾರೆ. ನೋಡುವವರಿಗೆ ಇದರಿಂದ ನಷ್ಟವಿಲ್ಲ. ಟಾಕ್‌ಬ್ಯಾಕ್ ಬಳಸುವವರಿಗೆ ಮುಟ್ಟುವುದು, ತಟ್ಟುವುದು, ಒತ್ತಿ ಹಿಡಿಯುವುದು ಮೂರು ಬೇರೆ ಕೆಲಸಗಳು. ಹೀಗಾಗಿ ಪಾಠದಲ್ಲಿ ಮುಟ್ಟು, ಎರಡು ಸಲ ತಟ್ಟು, ಒತ್ತಿ ಹಿಡಿ ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಿದ್ದೇವೆ. ಸ್ವೈಪ್‌ಗೆ 'ಸವರು' ಎಂಬ ಸಲಹೆ ಬಂದಿತ್ತು. ತಲೆ ಸವರುವಾಗಿನ ಹಗುರವಾದ ಚಲನೆ ಸರಿಯಾಗಿಯೇ ಹೊಂದುತ್ತದೆ, ಆದರೆ ಸೊಪ್ಪಿನ ಬೆಟ್ಟವಿರುವ ನಮ್ಮ ಕಡೆ ಸವರುವುದೆಂದರೆ ಕತ್ತಿಯಿಂದ ಸೊಪ್ಪು ಕಡಿಯುವುದು ಎಂಬ ಅರ್ಥವೂ ಜೀವಂತವಾಗಿದೆ. 'ಸರಿಸು' ಸಾಕೆಂದು ನನ್ನ ಎಣಿಕೆ. ಬೆರಳನ್ನು ಎತ್ತದೆ ಗಾಜಿನ ಮೇಲೆಲ್ಲ ಆಡಿಸುತ್ತ ಎಲ್ಲಿ ಏನಿದೆಯೆಂದು ಕೇಳುವ ಕ್ರಮಕ್ಕೆ 'ತಡವು' ಬೇಡ. ಅದರ ಬೆನ್ನಿಗೇ ತಡವರಿಕೆಯ ಅಸಹಾಯಕತೆ ಬರುತ್ತದೆ. 'ಮುಟ್ಟಿ ನೋಡು' ಎಂಬುದೇ ಸಹಜ. ಕಣ್ಣಿಲ್ಲದವರಿಗೆ 'ನೋಡು' ಎನ್ನಬಾರದೆಂದು ಒಬ್ಬರು ತಿದ್ದಿದ್ದರು. ರುಚಿ ನೋಡು, ಕೇಳಿ ನೋಡು, ಮಾಡಿ ನೋಡು ಎಂಬಲ್ಲೆಲ್ಲ 'ನೋಡು' ಕಣ್ಣಿನ ಕೆಲಸವನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ಮತ್ತು ನಾನು ಬಲ್ಲ ದೃಷ್ಟಿಹೀನರೆಲ್ಲ ಆ ಪದವನ್ನು ಯಾವ ಸಂಕೋಚವೂ ಇಲ್ಲದೆ ಬಳಸುತ್ತಾರೆ.

ಸ್ಕ್ರೀನಿಗೆ 'ತೆರೆ' ಬೇಡ, 'ಪರದೆ' ಇರಲಿ ಎಂದು ಈಗಾಗಲೇ ನಿರ್ಧರಿಸಿದ್ದೇವೆ. ಕರಾವಳಿಯಲ್ಲಿ ತೆರೆ ಎಂದರೆ ಮೊದಲು ನೆನಪಾಗುವುದು ಸಮುದ್ರದ್ದು. ಅದಕ್ಕಿಂತ ಮುಖ್ಯವಾಗಿ, 'ತೆರೆ' ಎಂಬುದು ಬಿಡಿಯಾಗಿ ಕಿವಿಗೆ ಬಿದ್ದರೆ ಬಾಗಿಲು ತೆರೆ ಎಂಬಂಥ ಆಜ್ಞೆಯೂ ಆಗುತ್ತದೆ.

ಉಳಿದದ್ದು ಆಕ್ಸೆಸಿಬಿಲಿಟಿ, ಅಂದರೆ ಅಂಗವಿಕಲರಿಗೂ ಬಳಸಲು ಬರುವಂತಿರುವುದು. ಕೆಲವು ಫೋನುಗಳ ಕನ್ನಡ ಸೆಟ್ಟಿಂಗ್ಸ್‌ನಲ್ಲಿ ಇದು 'ಪ್ರವೇಶಿಸುವಿಕೆ' ಎಂದಿದೆ. ಒಳಗೆ ಹೋಗುವುದಕ್ಕೂ ಬಳಸಲು ಬರುವುದಕ್ಕೂ ಇರುವ ಅಂತರ ಇದರಲ್ಲಿ ಅಳಿಸಿಹೋಗಿದೆ. 2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನದಿಂದ 'ಸುಗಮ್ಯತೆ' ಬಂತು. ಅರ್ಥ ಸರಿಯಿದೆ, ಆದರೆ ಕೇಳುವವರು ಅದನ್ನು 'ಸುಗಮತೆ' ಎಂದೇ ಹಿಡಿಯುತ್ತಾರೆ. ಕೈಗೆಟುಕು ಎಂಬ ನಮ್ಮ ಚೆಂದದ ಮಾತನ್ನು ಜಾಹೀರಾತುಗಳು ಬೆಲೆಗೆ ಕಟ್ಟಿಹಾಕಿವೆ. ಪಾಠದ ಮಟ್ಟಿಗೆ ಫೋನು ಯಾವ ಪದವನ್ನು ಹೇಳುತ್ತದೆಯೋ ಅದನ್ನೇ ನಾವೂ ಹೇಳಬೇಕಾಗಿದೆ, ಇಲ್ಲದಿದ್ದರೆ ಕೇಳುಗರು ಹುಡುಕುತ್ತಲೇ ಉಳಿಯುತ್ತಾರೆ. ಆದರೆ ಈ ಪದ ಇನ್ನು ಸೆಟ್ಟಿಂಗ್ಸ್‌ನೊಳಗೆ ಮಾತ್ರ ಇರುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೆಯ ಕಲಮು ಮಾಹಿತಿ ತಂತ್ರಜ್ಞಾನದ ಬಳಕೆಯ ಬಗ್ಗೆ ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳು ಎಲ್ಲರಿಗೂ ಬಳಸಲು ಬರುವಂತಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪು ನೀಡಿ, ಗ್ರಾಹಕರ ಗುರುತನ್ನು ಖಚಿತಪಡಿಸಿಕೊಳ್ಳುವ ಕೆವೈಸಿಯ ವಿಧಾನವನ್ನು ಬದಲಿಸಲು ಆದೇಶಿಸಿತು. ಇವೆಲ್ಲ ಕನ್ನಡದ ಸುತ್ತೋಲೆಗಳಾಗಿ ಬರುವಾಗ ಯಾವ ಪದ ಇರಬೇಕು? 'ಬಳಕೆ' ಎಂಬ ಮಾತು ಒಳಗಿರುವ ಒಂದು ಚಿಕ್ಕ ಪದ ಸಿಕ್ಕರೆ ಅದನ್ನೇ ಹಿಡಿಯಬೇಕೆಂಬುದು ನನ್ನ ಆಸೆ.

ಅಂಗವಿಕಲರ ಹಕ್ಕುಗಳ ಅದೇ ಕಾಯ್ದೆ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆಬೇರೆಯಾಗಿ ವ್ಯಾಖ್ಯಾನಿಸಿದೆ. ಮಂದದೃಷ್ಟಿಯವರು ಅಕ್ಷರ ಹಿಗ್ಗಿಸಿ, ಬಣ್ಣದ ಅಂತರ ಹೆಚ್ಚಿಸಿ ಓದಬಲ್ಲವರು. ಇಬ್ಬರನ್ನೂ 'ದೃಷ್ಟಿಹೀನ' ಎಂಬ ಒಂದೇ ಪದದಲ್ಲಿ ಸೇರಿಸದಿರುವುದು ಒಳ್ಳೆಯದು.

ಕೋರಿಕೆ ಇಷ್ಟು: ಫೋನಿನಲ್ಲಿ ಕನ್ನಡ ಧ್ವನಿ ಇರುವವರು ದಯವಿಟ್ಟು ಇದೆ/ಇಲ್ಲ, ಉಂಟು/ಇಲ್ಲ, ಆನ್/ಆಫ್, ಚಾಲೂ/ಬಂದ್ ಜೋಡಿಗಳನ್ನು ಬರೆದು, ವೇಗ ಹೆಚ್ಚಿಸಿ, ಸದ್ದಿರುವ ಜಾಗದಲ್ಲಿ ಕೇಳಿ ನೋಡಿ, ಯಾವುದು ಮೊದಲಕ್ಷರದಲ್ಲೇ ತಿಳಿಯಿತೆಂದು ಬರೆಯಿರಿ. ಮೈಸೂರು, ಮಂಡ್ಯದ ಕಡೆಯವರಿಗೆ 'ಚಾಲೂ' ಎಂಬುದು ಸಲೀಸಾಗಿ ಹಿಡಿಸುವುದೇ, ಬೀದರ್, ಕಲಬುರಗಿಯವರಿಗೆ 'ಉಂಟು' ಪುಸ್ತಕದ ಮಾತೆನಿಸುವುದೇ ಎಂಬುದನ್ನು ಆಯಾ ಕಡೆಯವರೇ ತಿಳಿಸಿದರೆ ಪಾಠದ ಮುಂದಿನ ಭಾಗವನ್ನು ಧ್ವನಿಮುದ್ರಿಸುವ ಮೊದಲು ನಮಗೆ ತಿದ್ದಿಕೊಳ್ಳಲು ಅವಕಾಶವಾಗುತ್ತದೆ.